ಖಾಲಿ ಬಿಟ್ಟ ಟ್ಯಾಗ್

ಮುಂಬೈ ಬಳಿಯ ಡೊಂಬಿವಲಿಯ ಆಸ್ಪತ್ರೆಯಲ್ಲಿ ಎರಡೂ ಕೈಗೆ ಮೊಣಕೈತನಕ ಬ್ಯಾಂಡೇಜ್ ಸುತ್ತಿಸಿಕೊಂಡು ಮಲಗಿದ್ದ ಮುರಾರಿ, ಗೆಳೆಯ ಸರ್ವೋತ್ತಮನನ್ನು ಕಂಡದ್ದೇ ಎದ್ದು ಕೂರಲು ನೋಡಿದ. "ಬಾ ಮಾರಾಯ. ಈ ರಶ್ಶಲ್ಲಿ ರಬಾಳೆಯಿಂದ ಠಾಣೆಗೆ ಬಂದು, ಅಲ್ಲಿ ರೈಲು ಬದಲಿಸಿ ಬಂದಿಯಾ?"

"ಹೇಗಾಯ್ತು?" ಎಂದ ಸರ್ವೋತ್ತಮ.

"ಎರಡನೇ ದ್ರಾವಣ ಸುರಿದದ್ದೇ ಫ್ಲಾಸ್ಕ್ ಉಕ್ಕಿ ಮೈಮೇಲೆ ಬಂತು. ನೀನು ನೆಟ್ಟಿಗೆ ಹಾಕಿದ್ದಿಯಲ್ಲ, ಅದೇ ಪ್ರಯೋಗ. ನಮ್ಮ ಫ್ಯಾಕ್ಟರಿ ಲ್ಯಾಬಲ್ಲಿ ಮಾಡ್ಲಿಕ್ಕೆ ಹೋದೆ."

ಸರ್ವೋತ್ತಮನೂ ಕೆಮಿಸ್ಟ್. ಪದಾರ್ಥ, ಅಳತೆ, ಶಾಖ ಎಲ್ಲಕ್ಕೂ ಒಂದೊಂದು ಟ್ಯಾಗ್, ಅಂದರೆ ಗುರುತುಚೀಟಿ, ಹಚ್ಚಿ, ಯಾವ ದೇಶದ ಕಂಪ್ಯೂಟರೂ ಓದಿಕೊಳ್ಳುವಂತೆ ತನ್ನ ಪ್ರಯೋಗಗಳ ಫೈಲನ್ನು ಅಂತರಜಾಲದ ತಾಣವೊಂದಕ್ಕೆ ಕಳಿಸುವುದು ಅವನ ಭಾನುವಾರದ ಹುಚ್ಚು. ಈ ಪ್ರಯೋಗ ಮೊದಲ ಸಲ ಅವನ ಕೈಯಲ್ಲೂ ಉಕ್ಕಿ ಛಾವಣಿಗೆ ಹಾರಿತ್ತು. ಪುಣ್ಯಕ್ಕೆ ಸುರಿದವನೇ ಅವನು ದೂರ ಸರಿದಿದ್ದ. 'ತೊಟ್ಟು ತೊಟ್ಟಾಗಿಯೇ ಹಾಕಿ, ಒಮ್ಮೆಲೇ ಸುರಿದರೆ ಉಕ್ಕುತ್ತದೆ' ಎಂದು ಎಚ್ಚರಿಕೆಯ ಟ್ಯಾಗಿನೊಳಗೆ ಬರೆದೂ ಇದ್ದ. ಕಳಿಸುವ ಹೊತ್ತಿಗೆ ಹಾಳು ದೊಡ್ಡಸ್ತಿಕೆ ಅಡ್ಡ ಬಂತು. ಜರ್ಮನಿಯವರು, ಜಪಾನಿನವರು ನೋಡುವ ಪುಟದಲ್ಲಿ ನನ್ನ ಎಡವಟ್ಟು ಯಾಕೆ ಎಂದುಕೊಂಡು ಆ ಸಾಲನ್ನು ಅಳಿಸಿದ. ಖಾಲಿ ಟ್ಯಾಗಿಗೆ ಕಂಪ್ಯೂಟರ್ ತಕರಾರು ಮಾಡಲಿಲ್ಲ.

"ಇವರಿಗೆ ನಿಮ್ಮ ಫೈಲ್ ಅಂದ್ರೆ ಮುಗೀತು," ಎಂದಳು ಮುರಾರಿಯ ಹೆಂಡತಿ ಜಯಲತಾ, ಗಂಡನ ಬಾಯಿಗೆ ಚಹಾ ಹಿಡಿಯುತ್ತಾ. "ಜೊತೆಯವರು ಸ್ವಲ್ಪ ಜಾಗ್ರತೆ ಅಂದ್ರಂತೆ. ಅಪಾಯ ಇದ್ದಿದ್ರೆ ನಮ್ಮ ಸರ್ವೋತ್ತಮ ಬರೀದೆ ಇರ್ತಿದ್ನಾ ಅಂತ ಇವರು ಅವರಿಗೇ ಜೋರು ಮಾಡಿದ್ರಂತೆ."

ಬೈದಿದ್ದರೆ ಸಹಿಸಬಹುದಿತ್ತು, ಈ ನಂಬಿಕೆಯನ್ನು ಸಹಿಸುವುದು ಸರ್ವೋತ್ತಮನಿಂದಾಗಲಿಲ್ಲ. ಹೇಳಿಯೇ ಬಿಡುತ್ತೇನೆ ಎಂದು ಸ್ಟೂಲನ್ನು ಹತ್ತಿರ ಎಳೆದುಕೊಂಡ. "ಮುರಾರಿ, ಆ ಎಚ್ಚರಿಕೆಯ ಟ್ಯಾಗ್ ಉಂಟಲ್ಲ..."

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ!" ನೋವಿನಲ್ಲೂ ಮುರಾರಿಯ ಮುಖ ಅರಳಿತು. "ಅದು ಖಾಲಿ ಉಂಟು. ಇವತ್ತೇ ತುಂಬಿಸು, ಇನ್ಯಾರೂ ಹೀಗೆ ಮಲಗುವುದು ಬೇಡ. ಮತ್ತೆ, ಕೆಳಗೆ ನನ್ನ ಹೆಸರು ಹಾಕು ಮಾರಾಯ. ಅದು ಉಕ್ತದೆ ಅಂತ ಮೊದಲು ಕಂಡುಹಿಡಿದವ ನಾನೇ ಅಲ್ವಾ?"