ನಾಲಿಗೆಯ ಠೇವಣಿ

ನಿವೃತ್ತಿಯ ಮೊದಲ ತುತ್ತು ಯಾವುದಾಗಬೇಕೆಂಬ ಘನಗಂಭೀರ ಪ್ರಶ್ನೆಗೆ ದಾವಣಗೆರೆಯ ಮರುಳಸಿದ್ದಪ್ಪನವರು ವಾರವಿಡೀ ತಲೆ ಕೆಡಿಸಿಕೊಂಡು, ಕೊನೆಗೆ ಹೆಂಡತಿ ಮಾಡುವ ಎಣ್ಣೆಗಾಯಿಯೇ ಆಗಬೇಕೆಂದು ತೀರ್ಮಾನಿಸಿದರು. ಮದುವೆಯಾದ ತಿಂಗಳಿಗೇ ನೌಕರಿ ಸಿಕ್ಕಿತ್ತು. ಎಲ್ಲ ನೌಕರರಂತೆ ಅವರೂ ನಾಲಿಗೆಯ ರುಚಿಯನ್ನು ಮುಪ್ಪಿಗೆಂದು ಪಿಂಚಣಿ ನಿಧಿಯಲ್ಲಿಟ್ಟು, ಆ ಒಂದು ತಿಂಗಳ ಎಣ್ಣೆಗಾಯಿಯನ್ನು ನೆನೆಯುತ್ತಲೇ ಮೂವತ್ತು ವರ್ಷ ಸಪ್ಪೆ ಉಂಡಿದ್ದರು.

ಟೀಚರಾಗಿದ್ದ ಹೆಂಡತಿ ಕೊಟ್ರಮ್ಮನವರೂ ತಮ್ಮ ರುಚಿಯನ್ನು ಇಟ್ಟಿದ್ದರು. ಗಂಡನ ಹೃದಯದ ಆಪರೇಷನ್ನಿಗೆ ಅದನ್ನು ಅವಧಿಗೆ ಮುಂಚೆಯೇ ಮುರಿಸಿದ್ದರಿಂದ ಅವರಿಗೆ ಇನ್ನು ಬರುವುದೇನೂ ಇರಲಿಲ್ಲ.

ರುಚಿ ಜಮೆಯಾದ ಬೆಳಗ್ಗೆ ಮರುಳಸಿದ್ದಪ್ಪ ರೊಟ್ಟಿ ಮುರಿದು ಎಣ್ಣೆಗಾಯಿಗೆ ಹಚ್ಚಿ ಬಾಯಿಗಿಟ್ಟರು. ಶೇಂಗಾ ಕಮಟು ಹಿಡಿದಿತ್ತು. ಉಪ್ಪು ಎರಡು ಸಲ ಬಿದ್ದಿತ್ತು. ಇಷ್ಟು ವರ್ಷ ಇಬ್ಬರೂ ಉಂಡದ್ದು ಇದನ್ನೇ ಎಂದು ಅವರಿಗೆ ಆಗ ಗೊತ್ತಾಯಿತು.

“ಹೆಂಗೈತ್ರೀ? ಸುಳ್ಳು ಹೇಳ್ಬ್ಯಾಡ್ರಿ ಮತ್ತೆ. ನನ್ನ ಪಾಲಿಂದೂ ನೀವೇ ಉಣ್ಣಬೇಕು.”

“ಒಂಚೂರೂ ಬದಲಾಗಿಲ್ಲ ನೋಡು. ಅದೇ ಕೈ, ಅದೇ ರುಚಿ.”

ಕೊಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಹಂಗಾದ್ರೆ ದಿನಾ ಮಾಡ್ತೀನಿ ಬಿಡ್ರಿ.”

ದಿನಾ ಮಾಡಿದರು. ಇವರು ದಿನಾ ಉಂಡರು.