ಡೆಲಿವರಿ ಚೀಟಿ

ಕೆಲಸದಿಂದ ಬಂದ ಸೊಸೆ ಫ್ರಿಜ್ ತೆರೆದವಳು ಹಾಗೇ ನಿಂತುಬಿಟ್ಟಳು. ಮಗುವಿಗೆಂದು ನುಣ್ಣಗೆ ಅರೆದ ಕುಂಬಳಕಾಯಿ ಪುಟ್ಟ ಡಬ್ಬಿಗಳಲ್ಲಿತ್ತು. ಪ್ರತಿ ಡಬ್ಬಿಯ ಮೇಲೂ ಮಾವನ ಟೈಲರ್ ಅಂಗಡಿಯ ಚೀಟಿ: "ಬೇಯಿಸಿದ್ದು ಮಂಗಳವಾರ. ಡೆಲಿವರಿ ಬುಧವಾರದೊಳಗೆ."

"ಬಟ್ಟಲಲ್ಲಿ ಮಿಕ್ಕಿದ್ದು ಏನಾಯ್ತು, ಮಾವ?"

"ಮಗು ಬಾಯಿಗಿಟ್ಟ ಚಮಚ ಅದ್ದಿದ್ದನ್ನ ಎತ್ತಿಡಬಾರದು ಅಂದಿದ್ಯಲ್ಲ, ನಾನೇ ತಿಂದೆ. ಉಪ್ಪಿಲ್ಲ, ಖಾರವಿಲ್ಲ, ದೇವರೇ ಗತಿ!"

ನಿನ್ನೆ ಅವಳು ಅದನ್ನು ಹೇಳಿದಾಗ ನಕ್ಕು ತಳ್ಳಿಹಾಕಿದ್ದವರು ಇವರೇ. ಜನ್ಮದಲ್ಲಿ ಒಬ್ಬರಿಗೂ ಹೇಳಿದ ದಿನ ಬಟ್ಟೆ ಹೊಲಿದು ಕೊಟ್ಟವರಲ್ಲ. ಅವಳ ಮದುವೆಯ ಬಟ್ಟೆಯೇ ಮದುವೆಯ ಮರುದಿನ ಬಂದಿತ್ತು.

ಅವಳ ಕಣ್ಣು ತುಂಬಿದ್ದು ಕಂಡು ಮಾವ ಮುಜುಗರದಿಂದ ಕನ್ನಡಕ ಒರೆಸಿಕೊಂಡರು. "ಈ ಗಿರಾಕಿಗೆ ನಾಳೆ ಬನ್ನಿ ಅನ್ನೋಕಾಗುತ್ತೇನಮ್ಮ?"