ಗುಣಪಾಲನ ಅಕೌಂಟು

ಇಂಟರ್ನೆಟ್ಟಿನ ವಯರನ್ನು ಇಜಾಝ್ ಕಿತ್ತದ್ದು ಇದು ನಾಲ್ಕನೆಯ ಸಲ. ಕಂಪ್ಯೂಟರ್ ಜಗ್ಗಲಿಲ್ಲ. ನೀಲಿ ತೆರೆಯ ಮೇಲೆ ಅದೇ ಮಾತು: ಮುಂದುವರಿಯಲು ನಿಮ್ಮ ಅಕೌಂಟಿಗೆ ಸೈನ್ ಇನ್ ಆಗಿ.

“ಮೊದಲೆಲ್ಲ ವಯರ್ ತೆಗೆದ್ರೆ ಬಿಡ್ತಿತ್ತು,” ಎಂದ ಇಜಾಝ್. ಫಳ್ನೀರಿನಲ್ಲಿ ಅವನದು ಕಂಪ್ಯೂಟರ್ ಅಂಗಡಿ. ಜೆಪ್ಪುವಿನ ಈ ಮನೆಗೆ ಇದನ್ನು ಮಾರಿದವನೂ ಅವನೇ. “ಈಗ ಆ ದಾರಿಯನ್ನೂ ಮುಚ್ಚಿದ್ದಾರೆ. ಅಕೌಂಟ್ ಇಲ್ಲದೆ ಒಳಗೆ ಬಿಡುದೇ ಇಲ್ಲ.”

“ಬಿಡುದಿಲ್ಲ ಅಂದ್ರೆ ಎಂತ?” ನಳಿನಾಕ್ಷಿಗೆ ಸಿಟ್ಟು ನೆತ್ತಿಗೇರಿತು. “ಮನೆ ನಮ್ದು, ಮೇಜು ನಮ್ದು, ಕರೆಂಟ್ ನಮ್ದು. ನಮ್ಮ ಫೋಟೊ ನಾವು ನೋಡ್ಲಿಕ್ಕೆ ಯಾರ ಅಪ್ಪಣೆ ಬೇಕು ಮಾರಾಯ?”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪೂಜಾರಿ ಗುಡಿಯಲ್ಲಿದ್ದರೆ ಹೋಗಿ ಕೈಕಾಲು ಹಿಡಿಯಬಹುದು. ಈ ಪೂಜಾರಿ ಯಾವ ದೇಶದಲ್ಲಿ ಕೂತಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ.

ಗಂಟೆ ನಾಲ್ಕೂವರೆ. ಆರಕ್ಕೆ ಫೋಟೊ ಸ್ಟುಡಿಯೋ ಮುಚ್ಚುತ್ತದೆ. ನಾಳೆ ಬೆಳಿಗ್ಗೆ ನಳಿನಾಕ್ಷಿಯ ಗಂಡ ಗುಣಪಾಲನ ಬೊಜ್ಜ, ಉತ್ತರಕ್ರಿಯೆ. ಸುಡಲು ಹೆಣವಂತೂ ಸಿಕ್ಕಲಿಲ್ಲ, ಹಾರ ಹಾಕಲು ಫೋಟೊವೂ ಇಲ್ಲದಿದ್ದರೆ ಹೇಗೆ ಎಂದು ಅವನ ತಮ್ಮ ಮುಖೇಶ್ ಬೆಳಿಗ್ಗೆಯಿಂದ ಹತ್ತು ಸಲ ಕೇಳಿದ್ದ. ಕೇಳುವುದು, ಗಡಿಯಾರ ನೋಡುವುದು, ಜಗಲಿಗೆ ಹೋಗಿ ಫೋನಿನಲ್ಲಿ ಮಾತಾಡುವುದು. ಅವನ ಅವಸರ ನೋಡಿದರೆ ನಳಿನಾಕ್ಷಿಗೆ ಮೈ ಉರಿಯುತ್ತಿತ್ತು.

ಹನ್ನೊಂದು ತಿಂಗಳ ಹಿಂದೆ ಗುಣಪಾಲ ಉಳ್ಳಾಲದ ಕಡಲಿಗೆ ಇಳಿದವನು ಬರಲಿಲ್ಲ. ಮರಳಿನ ಮೇಲೆ ಶರ್ಟು, ವಾಚು, ಚಪ್ಪಲಿ ಸಿಕ್ಕಿದವು. ಹೆಣ ಸಿಕ್ಕಲಿಲ್ಲ. ಫೋನೂ ಸಿಕ್ಕಲಿಲ್ಲ. ಕಡೆಯ ಎರಡು ತಿಂಗಳು ಅವನು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದ. ಫೋನನ್ನು ಮಾತ್ರ ಸ್ನಾನಕ್ಕೆ ಹೋಗುವಾಗಲೂ ಬಿಡುತ್ತಿರಲಿಲ್ಲ. ಕಡಲಿಗೂ ಹಾಗೇ ಕೊಂಡುಹೋಗಿರಬೇಕು ಎಂದರು ಪೊಲೀಸರು. ಎಲ್ಲರೂ ಒಪ್ಪಿದರು. ನಳಿನಾಕ್ಷಿಯೂ ತಲೆಯಾಡಿಸಿದಳು, ಆದರೆ ಬೊಜ್ಜಕ್ಕೆ ಒಪ್ಪಲಿಲ್ಲ. ಅದು ಮುಗಿದರೆ ಕುತ್ತಿಗೆಯ ಕರಿಮಣಿ ತೆಗೆಯಬೇಕು.

ಕೊನೆಗೆ ಗೆದ್ದವನು ಮುಖೇಶ್. “ವರ್ಷ ದಾಟಬಾರದು ಅತ್ತಿಗೆ. ಅಣ್ಣನ ಆತ್ಮ ಎಲ್ಲೆಲ್ಲೋ ಅಲೀತಾ ಇರ್ತದೆ,” ಎಂದಿದ್ದ.

ಅವಳ ಮೊಬೈಲಿನಲ್ಲಿ ಇದ್ದವೆಲ್ಲ ಗುಂಪಿನ ಫೋಟೊಗಳು. ದೊಡ್ಡದು ಮಾಡಿದರೆ ಗುಣಪಾಲನ ಮುಖ ಕಲಸಿಟ್ಟ ಹಿಟ್ಟಿನ ಹಾಗೆ ಕಾಣುತ್ತಿತ್ತು. ಮುಖೇಶನ ಮದುವೆಯಲ್ಲಿ ತೆಗೆದ ಒಳ್ಳೆಯದೊಂದು ಈ ಪೆಟ್ಟಿಗೆಯೊಳಗಿತ್ತು. ಹನ್ನೊಂದು ತಿಂಗಳಿಂದ ಯಾರೂ ಮುಟ್ಟದ ಕಂಪ್ಯೂಟರನ್ನು ಇವತ್ತು ಹಚ್ಚಿದ್ದೇ ತಡ, ಅದು ತನ್ನಷ್ಟಕ್ಕೆ ಏನೇನೋ ಇಳಿಸಿಕೊಂಡು, ಯಜಮಾನನೇ ಬಂದು ಗುರುತು ಹೇಳಲಿ ಎಂದು ಹಟ ಹಿಡಿದಿತ್ತು.

“ಡಿಸ್ಕ್ ಬಿಚ್ಚಿ ಕೊಂಡುಹೋದ್ರೆ?” ಎಂದ ಮುಖೇಶ್.

“ಡಿಸ್ಕಿಗೂ ಬೀಗ ಉಂಟು. ಕೀಲಿ ಆ ಅಕೌಂಟಿನೊಳಗೆ ಉಂಟು,” ಎಂದ ಇಜಾಝ್. “ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ ಅಲ್ವಾ? ಮತ್ತೆ ಉಳಿದದ್ದು ಒಂದೇ. ಅಣ್ಣನ ಮೊಬೈಲಿಗೆ ಒಂದು ಪ್ರಶ್ನೆ ಹೋಗ್ತದೆ, ಇದು ನೀವೇನಾ ಅಂತ. ಅವರು ‘ಹೌದು’ ಕೊಡ್ಬೇಕು.”

“ಅದೇ ನಂಬರಿನ ಹೊಸ ಸಿಮ್ ತಂದ್ರೆ?” ಮುಖೇಶ್ ಮತ್ತೆ ಕೇಳಿದ.

“ಸಿಮ್ಮಿಂದ ಆಗುದಿಲ್ಲ. ಆ ಸೆಟ್ಟೇ ಬೇಕು. ಸೆಟ್ ಇದ್ರೂ ಸಾಕಾಗುದಿಲ್ಲ, ಬೆರಳು ಅವರದ್ದೇ ಬೇಕು. ನಾನೇ ಹಾಗೆ ಮಾಡಿ ಕೊಟ್ಟದ್ದು, ಸೇಫ್ಟಿಗೆ.”

ನಳಿನಾಕ್ಷಿಗೆ ನಗು ಬಂತು. ಇಂಥ ಪ್ರಶ್ನೆಗಳು ಈ ಮನೆಯಲ್ಲಿ ಯಾವತ್ತೂ ತಲೆನೋವಾಗಿರಲಿಲ್ಲ. ಅವಳು ಗ್ಯಾಸ್ ಬುಕ್ ಮಾಡಲಿ, ಮಗಳು ಟಿವಿಯಲ್ಲಿ ಏನಾದರೂ ಹಾಕಲಿ, ಕುಂಯ್ ಎನ್ನುತ್ತಿದ್ದದ್ದು ಗುಣಪಾಲನ ಫೋನು. ಅವನು ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಊಟದ ನಡುವೆಯೂ ಎಡಗೈ ಬೆರಳಿಟ್ಟು ‘ಹೌದು’ ಕೊಟ್ಟು ಮುಂದಿನ ತುತ್ತು ಕಲಸುತ್ತಿದ್ದ. ಹಾಗೆ ಒಮ್ಮೆ ಮನೆಗೆ ಎರಡು ಮಿಕ್ಸಿ ಬಂದಿತ್ತು. ಜಗಳ ಮಾಡಿದರೆ, “ಮನೆಯಿಂದಲೇ ಅಲ್ವಾ ಕೇಳುದು? ಎಂತಕ್ಕೆ ಓದುದು?” ಎಂದಿದ್ದ. ಆ ಸೋಮಾರಿತನವೂ ಈಗ ಬೇಕೆನಿಸಿತು. ನಗುತ್ತಿದ್ದವಳಿಗೆ ಅಳು ಒತ್ತಿ ಬಂತು.

ಗಂಟೆ ಐದು ದಾಟಿತು. ಇಜಾಝ್ ಕಿತ್ತ ವಯರನ್ನು ಮತ್ತೆ ಸಿಕ್ಕಿಸಿ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬಿಕೊಂಡ.

“ಆ ಪ್ರಶ್ನೆ ಕಳಿಸು,” ಎಂದಳು ನಳಿನಾಕ್ಷಿ.

“ಎಲ್ಲಿಗೆ ಅತ್ತಿಗೆ, ಕಡಲಿಗಾ?” ಎಂದ ಮುಖೇಶ್. ಅಂದ ಮೇಲೆ ಅವನಿಗೇ ನಾಚಿಕೆಯಾಗಿ ಮುಖ ತಿರುಗಿಸಿದ.

ಅವಳು ಮೌಸ್ ಎಳೆದುಕೊಂಡು ತಾನೇ ಒತ್ತಿದಳು. ತೆರೆಯ ಮೇಲೆ ಬಿಳಿ ಬಳೆಯೊಂದು ಸುತ್ತತೊಡಗಿತು. ಹನ್ನೊಂದು ತಿಂಗಳಿಂದ ಪೊಲೀಸರು ಹೇಳಿದ್ದಾಯಿತು, ನೆಂಟರು ಹೇಳಿದ್ದಾಯಿತು, ಮುಖೇಶ್ ಹೇಳಿದ್ದಾಯಿತು. ಯಾರ ಮಾತೂ ಅವಳ ಎದೆಗೆ ಇಳಿದಿರಲಿಲ್ಲ. ಈ ಹಟಮಾರಿ ಯಂತ್ರಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಉತ್ತರ ಬರಲಿಲ್ಲ ಎಂದು ಅದೇ ಹೇಳಿಬಿಡಲಿ, ನಾಳೆ ಕರಿಮಣಿ ತೆಗೆಯುತ್ತೇನೆ ಎಂದುಕೊಂಡಳು.

ಬಳೆ ಸುತ್ತುತ್ತಲೇ ಇತ್ತು. ಗುಂಪಿನ ಫೋಟೊವನ್ನೇ ಕತ್ತರಿಸಿದರಾಯಿತು ಎಂದು ಮುಖೇಶ್ ಅವಳ ಮೊಬೈಲ್ ಹಿಡಿದು ಚಪ್ಪಲಿ ಮೆಟ್ಟಿದ. ಇಜಾಝ್ ಪ್ಲಗ್ಗಿನತ್ತ ಕೈ ಚಾಚಿದ.

“ಅಕ್ಕ,” ಎಂದವನ ಕೈ ಅಲ್ಲೇ ನಿಂತಿತು.

ನೀಲಿ ಹೋಗಿತ್ತು. ಮದುವೆ ಫೋಟೊಗಳ ಫೋಲ್ಡರು ಎಡಬದಿಯಲ್ಲೇ ಕಾಣುತ್ತಿತ್ತು. ಮೂವರಲ್ಲಿ ಯಾರೂ ಅದನ್ನು ನೋಡುತ್ತಿರಲಿಲ್ಲ. ನಳಿನಾಕ್ಷಿ ಮೇಲಿನ ಮೂಲೆಯ ಸಾಲನ್ನು ಒಂದು ಸಲ ಓದಿದಳು, ಮತ್ತೊಂದು ಸಲ ಓದಿದಳು.

ಗುಣಪಾಲ ಅವರ ಬೆರಳಚ್ಚು ದೃಢಪಟ್ಟಿದೆ: ಇಂದು, ಸಂಜೆ 5.12.